ಕುದುರೆಯ ಕತ್ತಿನ ಕೀಲು: ಚಿತ್ರ ತೆಗೆಸುವ ಮುನ್ನ, ತೆಗೆಸಿದ ಮೇಲೆ

ಕುದುರೆ ಮುಂಗಾಲು ಕುಂಟುತ್ತಿದೆ. ಗೊರಸು ನೋಡಿಯಾಯಿತು, ಲಾಳ ಬದಲಾಯಿಸಿಯಾಯಿತು, ಮಂಡಿಯ ಎಕ್ಸ್-ರೇಯೂ ಆಯಿತು. ಪಶುವೈದ್ಯರು ಗೊರಸಿನಿಂದ ಶುರುಮಾಡಿ ಮೇಲಕ್ಕೆ ಒಂದೊಂದೇ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಓಡಿಸಿ ನೋಡಿದರೂ ಕುಂಟು ಕದಲುತ್ತಿಲ್ಲ. ಕಾಲಿನಲ್ಲಿ ಉತ್ತರ ಸಿಗದಾಗ ಕಣ್ಣು ಹರಿಯಬೇಕಾದ ಜಾಗಗಳಲ್ಲಿ ಕತ್ತು ಒಂದು. ಬಹಳ ಮಾಲೀಕರಿಗೆ ಇದು ಹೊಳೆಯುವುದೇ ಇಲ್ಲ. ಹೊಳೆದವರು ಕೂಡ ‘ಒಂದು ಸ್ಕ್ಯಾನ್ ಮಾಡಿಸಿಬಿಡೋಣ, ಎಲ್ಲ ಗೊತ್ತಾಗುತ್ತದೆ’ ಎಂದು ಹೊರಟುಬಿಡುತ್ತಾರೆ. ಕುದುರೆಯ ಕತ್ತಿನ ವಿಷಯದಲ್ಲಿ ಎಲ್ಲವನ್ನೂ ಹೇಳುವ ಒಂದೇ ಸ್ಕ್ಯಾನ್ ಇಲ್ಲ. ಒಂದೊಂದು ವಿಧಾನಕ್ಕೆ ಒಂದೊಂದು ಪ್ರಶ್ನೆಗೆ ಉತ್ತರಿಸುವ ಶಕ್ತಿ ಇದೆ. ಪ್ರಶ್ನೆ ಯಾವುದೆಂದು ಮೊದಲೇ ತೀರ್ಮಾನವಾಗದಿದ್ದರೆ ದುಡ್ಡೂ ಹೋಗುತ್ತದೆ, ಕುದುರೆಗೆ ಇಲ್ಲದ ಕಾಯಿಲೆಯ ಹೆಸರೂ ಅಂಟಿಕೊಳ್ಳುತ್ತದೆ.

ಬೆಂಗಳೂರಿನ ರೇಸ್ ಕುದುರೆಯಾಗಲಿ, ಕುಣಿಗಲ್ ಸ್ಟಡ್ ಫಾರ್ಮಿನ ಮರಿಯಾಗಲಿ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಕುದುರೆಯಾಗಲಿ, ರೇಸಿನಿಂದ ನಿವೃತ್ತಿಯಾಗಿ ಸವಾರಿ ಶಾಲೆಗೆ ಬಂದ ಹಳೆಯ ಕುದುರೆಯಾಗಲಿ, ಎಲ್ಲಕ್ಕೂ ಕತ್ತಿನ ರಚನೆ ಒಂದೇ. ಮನುಷ್ಯರಿಗಿರುವಂತೆ ಏಳೇ ಕಶೇರುಮಣಿಗಳು. ತಲೆಬುರುಡೆಯ ಕೆಳಗಿನ ಮೊದಲೆರಡರ ಮಾದರಿ ಬೇರೆ: ಮೊದಲನೆಯದು ತಲೆ ಮೇಲೆ-ಕೆಳಗೆ ಆಡುವುದಕ್ಕೆ, ಎರಡನೆಯದು ಪಕ್ಕಕ್ಕೆ ತಿರುಗುವುದಕ್ಕೆ. ಎರಡನೆಯ ಮಣಿಯಿಂದ ಕೆಳಕ್ಕೆ ಪ್ರತಿ ಎರಡು ಮಣಿಗಳ ನಡುವೆ ಒಂದು ತೆಳುವಾದ ಡಿಸ್ಕ್ ಇದೆ, ಮೇಲ್ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಫೆಸೆಟ್ ಕೀಲು ಇದೆ. ತೊಂದರೆಯ ಬಹುಪಾಲು ಈ ಫೆಸೆಟ್ ಕೀಲುಗಳದ್ದು. ಮೊಣಕಾಲಿನಲ್ಲಿರುವಂತೆ ಇಲ್ಲೂ ಮೃದ್ವಸ್ಥಿ, ಕೀಲುದ್ರವ, ಸುತ್ತ ಒಂದು ಚೀಲ. ಆದ್ದರಿಂದ ಸವೆತ, ಊತ, ಸಂಧಿವಾತ ಎಲ್ಲವೂ ಇಲ್ಲಿಗೂ ಬರುತ್ತವೆ. ಹೆಚ್ಚಾಗಿ ಕಾಣುವುದು ಐದು-ಆರನೇ ಮತ್ತು ಆರು-ಏಳನೇ ಮಣಿಗಳ ನಡುವೆ, ಅಂದರೆ ಕತ್ತು ಎದೆಗೆ ಸೇರುವ ಜಾಗದಲ್ಲಿ.

ಈ ಕೀಲು ಊದಿ ದಪ್ಪವಾದರೆ ಮೂರು ಬಗೆಯ ಪರಿಣಾಮ ಆಗಬಹುದು. ಬರೀ ನೋವು ಮತ್ತು ಬಿಗಿತ ಒಂದು. ಪಕ್ಕದ ಕಿಂಡಿಯಿಂದ ಹೊರಬರುವ ನರ ಒತ್ತಿಕೊಂಡು ಮುಂಗಾಲು ಕುಂಟುವುದು ಇನ್ನೊಂದು. ಮುಂಗಾಲಿನ ನರಜಾಲ ಹುಟ್ಟುವುದೇ ಕತ್ತಿನ ಬುಡದಲ್ಲಿ. ಎಲ್ಲಕ್ಕಿಂತ ಗಂಭೀರವಾದ ಮೂರನೆಯದು, ಬೆನ್ನುಹುರಿಯೇ ಒತ್ತಿಹೋಗಿ ನಡಿಗೆ ತೂರಾಡುವುದು. ರೇಸ್ ವಲಯದಲ್ಲಿ ಇಂಥ ಕುದುರೆಯನ್ನು ‘ವಾಬ್ಲರ್’ ಎನ್ನುತ್ತಾರೆ. ತೂರಾಟ ಸಾಮಾನ್ಯವಾಗಿ ಮೊದಲು ಹಿಂಗಾಲಲ್ಲೇ ಎದ್ದು ಕಾಣುತ್ತದೆ. ಹಾಗಾಗಿ ಕತ್ತಿನ ರೋಗಕ್ಕೆ ಸೊಂಟದ ಚಿಕಿತ್ಸೆ ಮಾಡಿಸಿದವರೂ ಇದ್ದಾರೆ.

ಲಾಯದಲ್ಲಿ ಕಾಣುವ ಸೂಚನೆಗಳು

ಸೈಸ್ ಹೇಳುವ ಮಾತನ್ನು ಇಲ್ಲಿ ಕಿವಿಗೊಟ್ಟು ಕೇಳಬೇಕು. ದಿನವಿಡೀ ಕುದುರೆಯ ಜೊತೆಗಿರುವವರು ಅವರೇ. ನೆಲದ ಮೇಲಿನ ಹುಲ್ಲಿಗೆ ಬಾಯಿ ಹಾಕಲು ಒಂದು ಮುಂಗಾಲನ್ನು ತೀರಾ ಮುಂದಕ್ಕೆ ಚಾಚುತ್ತದೆಯೇ? ನೇತುಹಾಕಿದ ಬಲೆಯಿಂದ ಸಲೀಸಾಗಿ ತಿನ್ನುವ ಕುದುರೆ ನೆಲದ ಬಕೆಟ್ಟಿನಲ್ಲಿ ಹುರುಳಿ ಬಿಡುತ್ತಿದೆಯೇ? ಒಂದು ಪಕ್ಕಕ್ಕೆ ಲಗಾಮು ಎಳೆದರೆ ಸುಲಭವಾಗಿ ತಿರುಗಿ, ಇನ್ನೊಂದು ಪಕ್ಕಕ್ಕೆ ಇಡೀ ಮೈಯನ್ನೇ ತಿರುಗಿಸುತ್ತದೆಯೇ? ಕತ್ತಿನ ಒಂದು ಕಡೆ ಸ್ನಾಯು ಸೊರಗಿದೆಯೇ? ಹಿಂದಕ್ಕೆ ನಡೆಸಿದಾಗ, ಸಣ್ಣ ಸುತ್ತು ತಿರುಗಿಸಿದಾಗ, ಇಳಿಜಾರಿನಲ್ಲಿ ತಲೆ ಎತ್ತಿಸಿ ನಡೆಸಿದಾಗ ಹಿಂಗಾಲು ಎಲ್ಲೆಲ್ಲೋ ಬೀಳುತ್ತದೆಯೇ? ಒಂದು ಕ್ಯಾರೆಟ್ ಹಿಡಿದು ಎಡಕ್ಕೆ, ಬಲಕ್ಕೆ, ಎದೆಯ ಕೆಳಕ್ಕೆ ಕತ್ತು ಬಗ್ಗಿಸಿ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿ ಇಟ್ಟುಕೊಳ್ಳಿ. ವೈದ್ಯರು ಬಂದ ದಿನ ಕುದುರೆ ಉತ್ಸಾಹದಲ್ಲಿ ಸರಿಯಾಗಿಯೇ ನಡೆದುಬಿಡಬಹುದು.

ಇಲ್ಲಿ ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ತೂರಾಡತೊಡಗಿದ ಕುದುರೆಯನ್ನು ಸೀದಾ ಎಕ್ಸ್-ರೇಗೆ ಒಯ್ಯಬೇಡಿ. ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ರೇಬಿಸ್. ಅದು ಅಲ್ಲವೆಂದು ವೈದ್ಯರು ಹೇಳುವವರೆಗೆ ಬರಿಗೈಯಲ್ಲಿ ಬಾಯಿ ಮುಟ್ಟಬಾರದು, ಜೊಲ್ಲು ತಾಗಿಸಿಕೊಳ್ಳಬಾರದು. ಸರ್ರಾ ರೋಗದ ಪರೋಪಜೀವಿ ಮೆದುಳಿಗೆ ಏರಿದರೂ ತೂರಾಟ ಬರುತ್ತದೆ. ದನ-ಎಮ್ಮೆಗಳ ಹೊಟ್ಟೆಯಲ್ಲಿ ನಿರುಪದ್ರವಿಯಾಗಿ ಬದುಕುವ ಸೆಟೇರಿಯಾ ಹುಳು ಸೊಳ್ಳೆಯ ಮೂಲಕ ಕುದುರೆಗೆ ಬಂದು ಬೆನ್ನುಹುರಿ ಸೇರಿದರೆ ಆಗುವ ‘ಕುಮ್ರಿ’ಯೂ ಹಿಂಗಾಲನ್ನು ಕೆಡಿಸುತ್ತದೆ. ಲಾಯದ ಪಕ್ಕದಲ್ಲೇ ಕೊಟ್ಟಿಗೆ ಇರುವ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ಹರ್ಪಿಸ್ ವೈರಸ್ಸಿನ ಒಂದು ಬಗೆಯೂ ಇದೇ ಚಿತ್ರ ತೋರಿಸುತ್ತದೆ. ಇವು ಯಾವುವೂ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಹಾಗೆಂದು ಎಕ್ಸ್-ರೇ ತೆಗೆದರೆ ಕತ್ತಿನಲ್ಲಿ ಏನೋ ಒಂದು ಸಣ್ಣ ಸವೆತ ಕಾಣಿಸಿಯೇ ಕಾಣಿಸುತ್ತದೆ, ನಿಜವಾದ ರೋಗ ಅದರ ಹಿಂದೆ ಅಡಗಿಕೊಳ್ಳುತ್ತದೆ. ರಕ್ತ ಪರೀಕ್ಷೆ ಮತ್ತು ನರಗಳ ಪರೀಕ್ಷೆ ಮೊದಲು. ತೂರಾಟವನ್ನು ವೈದ್ಯರು 0ಯಿಂದ 5ರವರೆಗೆ ಅಳೆಯುತ್ತಾರೆ. ಆ ಅಂಕಿಯನ್ನು ಬರೆಸಿಟ್ಟುಕೊಳ್ಳಿ. ಮುಂದೆ ಸುಧಾರಿಸಿತೋ ಇಲ್ಲವೋ ಎಂಬುದಕ್ಕೆ ಅದೇ ಅಳತೆಗೋಲು.

ಎಕ್ಸ್-ರೇ: ಮೊದಲ ಮೆಟ್ಟಿಲು

ಕತ್ತಿನ ಎಕ್ಸ್-ರೇಯನ್ನು ಕುದುರೆ ನಿಂತಿರುವಾಗಲೇ, ಮಂಪರು ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ಇಡೀ ಕತ್ತು ಒಂದೇ ಪ್ಲೇಟಿಗೆ ಹಿಡಿಸುವುದಿಲ್ಲ. ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ನಾಲ್ಕಾರು ಚಿತ್ರ ಬೇಕು. ಹಿಂದಿನ ದಿನವೇ ಕತ್ತು ಉಜ್ಜಿ ಕೆಸರು ತೆಗೆದು, ಕೂದಲನ್ನು ಒಂದು ಬದಿಗೆ ಮೇಲಕ್ಕೆ ಕಟ್ಟಿಡಿ. ಒಣಗಿದ ಮಣ್ಣಿನ ಹೆಂಟೆ ಚಿತ್ರದಲ್ಲಿ ಮೂಳೆಯ ತುಣುಕಿನಂತೆ ಕಾಣಬಲ್ಲದು. ಲೋಹದ ಕೊಂಡಿಯ ಮುಖಪಟ್ಟಿ ತೆಗೆದು ಹಗ್ಗದ್ದು ಹಾಕಿ. ಮಂಪರಿಗೆ ತಲೆ ಇಳಿಬಿದ್ದರೆ ಕತ್ತಿನ ಬಾಗೇ ಬದಲಾಗುತ್ತದೆ. ತಲೆಯನ್ನು ಒಂದು ಎತ್ತರದ ಸ್ಟ್ಯಾಂಡಿನ ಮೇಲೆ ಸಹಜ ಮಟ್ಟದಲ್ಲಿ ಇಡಿಸುವುದು ಒಳ್ಳೆಯದು. ಕತ್ತು ಸ್ವಲ್ಪ ತಿರುಚಿಕೊಂಡಿದ್ದರೂ ಸರಿಯಿರುವ ಕೀಲು ದಪ್ಪವಾಗಿ ಕಾಣುತ್ತದೆ.

ಲಾಯಕ್ಕೇ ತರುವ ಕೈಯಂತ್ರದಿಂದ ಕತ್ತಿನ ಮೇಲ್ಭಾಗ, ನಡುಭಾಗ ಚೆನ್ನಾಗಿ ಬರುತ್ತದೆ. ಬುಡದಲ್ಲಿ ಭುಜದ ಸ್ನಾಯುವಿನ ದಪ್ಪ ಅಡ್ಡ ಬರುವುದರಿಂದ ಆರು-ಏಳನೇ ಮಣಿಗಳಿಗೆ, ಅದರಲ್ಲೂ ಏಳನೆಯದು ಎದೆಯ ಮೊದಲ ಮಣಿಯನ್ನು ಸೇರುವ ಜಾಗಕ್ಕೆ, ಶಕ್ತಿಯುತ ಯಂತ್ರವೇ ಬೇಕು. ರೋಗ ಹೆಚ್ಚಾಗಿ ಕೂರುವುದೂ ಅಲ್ಲೇ. ಬುಡದ ಚಿತ್ರ ಮಸುಕಾಗಿ ಬಂದಿದ್ದರೆ ‘ಕತ್ತು ಸರಿಯಿದೆ’ ಎಂಬ ವರದಿಯನ್ನು ಒಪ್ಪಬೇಡಿ, ಆ ಭಾಗ ನೋಡಿಲ್ಲ ಎಂದಷ್ಟೇ ತಿಳಿಯಿರಿ.

ನೇರ ಪಕ್ಕದಿಂದ ತೆಗೆದ ಚಿತ್ರದಲ್ಲಿ ಎಡ-ಬಲ ಕೀಲುಗಳು ಒಂದರ ಮೇಲೊಂದು ಬೀಳುತ್ತವೆ. ಯಾವ ಕಡೆಯದು ಕೆಟ್ಟಿದೆ ಎಂದು ಗೊತ್ತಾಗಬೇಕಾದರೆ ಕೆಳಗಿನಿಂದ ಸುಮಾರು 45ರಿಂದ 55 ಡಿಗ್ರಿ ಓರೆಯಾಗಿ ಎರಡೂ ಬದಿಯ ಚಿತ್ರ ತೆಗೆಯಬೇಕು. ಸಮಯ ಉಳಿಸಲು ಈ ಓರೆ ಚಿತ್ರಗಳನ್ನು ಬಿಟ್ಟುಬಿಡುವುದುಂಟು. ಮುಂದೆ ಕೀಲಿಗೆ ಇಂಜೆಕ್ಷನ್ ಕೊಡಿಸುವ ಯೋಚನೆ ಇದ್ದರೆ ಇವು ಬೇಕೇ ಬೇಕು ಎಂದು ನೀವೇ ಕೇಳಿ.

ತೂರಾಡುವ ಕುದುರೆಯಾದರೆ ಇನ್ನೊಂದು ಲೆಕ್ಕ ಹಾಕುತ್ತಾರೆ. ಬೆನ್ನುಹುರಿ ಹಾಯುವ ನಾಳದ ಅತಿ ಕಿರಿದಾದ ಎತ್ತರವನ್ನು ಅದೇ ಮಣಿಯ ಮೂಳೆಯ ಎತ್ತರದಿಂದ ಭಾಗಿಸುವುದು. ಎರಡೂ ಅಳತೆ ಒಂದೇ ಚಿತ್ರದ್ದಾದ್ದರಿಂದ ಯಂತ್ರ ಹತ್ತಿರವಿತ್ತೋ ದೂರವಿತ್ತೋ ಎಂಬುದರಿಂದ ಲೆಕ್ಕ ಕೆಡುವುದಿಲ್ಲ. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಟ್ಟ ಗಡಿ ಇಂದಿಗೂ ಬಳಕೆಯಲ್ಲಿದೆ: ನಾಲ್ಕರಿಂದ ಆರನೇ ಮಣಿವರೆಗೆ 0.52, ಏಳನೆಯದಕ್ಕೆ 0.56. ನಾಳ 24 ಮಿ.ಮೀ., ಮೂಳೆ 50 ಮಿ.ಮೀ. ಇದ್ದರೆ 0.48 ಬರುತ್ತದೆ, ಅದು ಗಡಿಗಿಂತ ಕಡಿಮೆ, ಅನುಮಾನ ಬಲವಾಯಿತು. ಅನುಮಾನ ಮಾತ್ರ. ಎಕ್ಸ್-ರೇಯಲ್ಲಿ ಬೆನ್ನುಹುರಿ ಕಾಣುವುದೇ ಇಲ್ಲ, ಅದರ ಸುತ್ತಲಿನ ಮೂಳೆ ಮಾತ್ರ ಕಾಣುತ್ತದೆ. ನಾಳ ಕಿರಿದಾಗಿದೆ ಎಂದು ಲೆಕ್ಕ ಹೇಳಬಹುದು, ಹುರಿ ಯಾವ ಮಣಿಯ ಬಳಿ ಒತ್ತಿದೆ ಎಂದು ಹೇಳಲಾರದು.

ಎಕ್ಸ್-ರೇ ತೆಗೆಯುವಾಗ ನೀವು ಎಲ್ಲಿ ನಿಲ್ಲುತ್ತೀರಿ ಎಂಬುದೂ ಮುಖ್ಯ. ಕತ್ತು ದಪ್ಪವಾದಷ್ಟೂ ಚದುರಿ ಬರುವ ವಿಕಿರಣ ಹೆಚ್ಚು. ಪ್ಲೇಟನ್ನು ಕೈಯಲ್ಲಿ ಹಿಡಿಯುವ ಅಭ್ಯಾಸ ಕೆಲವೆಡೆ ಇನ್ನೂ ಇದೆ. ಅದಕ್ಕೆ ಉದ್ದ ಹಿಡಿಕೆ ಅಥವಾ ಸ್ಟ್ಯಾಂಡ್ ಇರಬೇಕು. ದೂರ ಇಮ್ಮಡಿಯಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಸೀಸದ ಏಪ್ರನ್ ಇಲ್ಲದೆ ಸೈಸ್‌ರನ್ನು ನಿಲ್ಲಿಸಬೇಡಿ, ಗರ್ಭಿಣಿಯರು ಹತ್ತಿರ ಸುಳಿಯಬಾರದು. ಭಾರತದಲ್ಲಿ ಎಕ್ಸ್-ರೇ ಯಂತ್ರಗಳ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಗಾ ಇದೆ. ಯಂತ್ರ ನೋಂದಣಿಯಾಗಿದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಕಂಡದ್ದೆಲ್ಲ ರೋಗವಲ್ಲ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಡಿ. ವಯಸ್ಸಾದ ಕುದುರೆಗಳ ಕತ್ತಿನ ಬುಡದ ಕೀಲುಗಳಲ್ಲಿ ದಪ್ಪವಾಗುವಿಕೆ ಸಾಮಾನ್ಯ. ಚೆನ್ನಾಗಿ ಓಡುವ, ನೆಗೆಯುವ, ಯಾವ ದೂರೂ ಇಲ್ಲದ ಕುದುರೆಗಳಲ್ಲೂ ಅದು ಸಿಗುತ್ತದೆ. ಹದಿನೈದು ವರ್ಷದ ಕುದುರೆಯ ಚಿತ್ರದಲ್ಲಿ ಸವೆತ ಕಂಡಿತೆಂದ ಮಾತ್ರಕ್ಕೆ ಅದರ ಹಠಮಾರಿತನಕ್ಕೋ ಕುಂಟಿಗೋ ಅದೇ ಕಾರಣ ಎನ್ನುವಂತಿಲ್ಲ. ನೋವಿರುವ ಬದಿ, ಸ್ನಾಯು ಸೊರಗಿದ ಬದಿ, ಚಿತ್ರದಲ್ಲಿ ಕೆಟ್ಟ ಬದಿ ಮೂರೂ ಒಂದೇ ಆದರೆ ಮಾತಿಗೆ ತೂಕ ಬರುತ್ತದೆ.

ಆರನೇ ಮಣಿಯ ಕೆಳಭಾಗದಲ್ಲಿರಬೇಕಾದ ಮೂಳೆಯ ಹಾಳೆ ಇಲ್ಲದಿರುವುದು, ಅಥವಾ ಅದು ಏಳನೇ ಮಣಿಗೆ ಜಾರಿ ಬೆಳೆದಿರುವುದು ಈಚಿನ ವರ್ಷಗಳಲ್ಲಿ ದೊಡ್ಡ ಚರ್ಚೆಯಾಗಿದೆ. ಥರೋಬ್ರೆಡ್ ತಳಿಯಲ್ಲೂ ಯುರೋಪಿನ ವಾರ್ಮ್‌ಬ್ಲಡ್ ತಳಿಗಳಲ್ಲೂ ಇದು ಕಾಣುತ್ತದೆ. ಇದೇ ನೋವಿನ ಮೂಲ ಎಂದು ವಾದಿಸುವವರಿದ್ದಾರೆ. ತೊಂದರೆಯೇ ಇಲ್ಲದ ಕುದುರೆಗಳಲ್ಲೂ ಇದನ್ನು ಕಂಡ ಅಧ್ಯಯನಗಳಿವೆ. ಕೊಳ್ಳುವ ಮುನ್ನ ತೆಗೆಸಿದ ಎಕ್ಸ್-ರೇಯಲ್ಲಿ ಇದು ಕಂಡದ್ದಕ್ಕೇ ಒಳ್ಳೆಯ ಕುದುರೆಯನ್ನು ತಿರಸ್ಕರಿಸುವುದು ನನಗೆ ಸರಿಕಾಣುವುದಿಲ್ಲ. ಬೆಲೆ ಇಳಿಸಲು ಮಧ್ಯವರ್ತಿಗಳು ಇದನ್ನು ಬಳಸಿಕೊಳ್ಳಬಹುದು, ಅದು ಬೇರೆ ಮಾತು.

ಮೃದು ಭಾಗ ನೋಡಲು ಅಲ್ಟ್ರಾಸೌಂಡ್

ಮೂಳೆಯೊಳಕ್ಕೆ ಅಲ್ಟ್ರಾಸೌಂಡ್ ಇಳಿಯುವುದಿಲ್ಲ. ಮೂಳೆಯ ಹೊರ ಅಂಚು, ಕೀಲಿನ ಚೀಲದಲ್ಲಿ ತುಂಬಿದ ದ್ರವ, ಸುತ್ತಲಿನ ಸ್ನಾಯು, ಅನುಭವಿ ಕೈಯಾದರೆ ನರದ ಬುಡ ಇವೆಲ್ಲ ಕಾಣುತ್ತವೆ. ಆರೋಗ್ಯವಂತ ಫೆಸೆಟ್ ಕೀಲು ಪರದೆಯ ಮೇಲೆ ಪಕ್ಕದಿಂದ ನೋಡಿದ ಕುರ್ಚಿಯಂತೆ ಮೂಡುತ್ತದೆ, ಬೆನ್ನು ಒಂದು ಮಣಿಯದು, ಆಸನ ಇನ್ನೊಂದರದು. ವೈದ್ಯರು ಆ ಕುರ್ಚಿಯನ್ನೇ ಹುಡುಕಿ ಎಣಿಸುತ್ತಾ ಹೋಗುತ್ತಾರೆ. ಅಂಚು ಒರಟಾಗಿದ್ದರೆ, ನಡುವೆ ಕಪ್ಪು ದ್ರವ ಉಬ್ಬಿದ್ದರೆ ಕೀಲು ಕೆರಳಿದೆ ಎಂದು ಲೆಕ್ಕ. ಇದಕ್ಕೆ ಅರಿವಳಿಕೆ ಬೇಡ, ವಿಕಿರಣವಿಲ್ಲ, ಲಾಯದಲ್ಲೇ ಆಗುತ್ತದೆ. ಥರೋಬ್ರೆಡ್‌ಗಳ ಕೂದಲು ತೆಳ್ಳಗಿರುವುದರಿಂದ ಸ್ಪಿರಿಟ್‌ನಲ್ಲಿ ತೊಯಿಸಿದರೆ ಸಾಕಾಗಬಹುದು. ದಟ್ಟ ರೋಮದ ಕುದುರೆಗಳಿಗೆ ಬೋಳಿಸಲೇಬೇಕು.

ಅಲ್ಟ್ರಾಸೌಂಡಿನ ದೊಡ್ಡ ಉಪಯೋಗ ಸೂಜಿಗೆ ದಾರಿ ತೋರಿಸುವುದು. ಕಾಲಿನಂತೆ ಇಲ್ಲಿ ಮರಗಟ್ಟಿಸಿ ನೋಡುವುದು ಸುಲಭವಲ್ಲ: ಔಷಧ ಬೆನ್ನುಹುರಿಯ ನಾಳದೊಳಕ್ಕೆ ಸೋರಿದರೆ ಕುದುರೆ ತಡವರಿಸಿ ಬೀಳಬಹುದು. ಹಾಗಾಗಿ ಅನುಮಾನದ ಕೀಲಿಗೆ ಪರದೆ ನೋಡಿಕೊಂಡೇ ಸ್ಟೀರಾಯ್ಡ್ ಹಾಕಿ, ಮುಂದಿನ ವಾರಗಳಲ್ಲಿ ಸುಧಾರಿಸುತ್ತದೆಯೇ ಎಂದು ಕಾಯುವುದು ರೂಢಿಯಲ್ಲಿದೆ. ಇದು ಅರ್ಧ ಚಿಕಿತ್ಸೆ, ಅರ್ಧ ಪರೀಕ್ಷೆ. ಹಿಂದೆ ಗೊರಸುರಿತ ಬಂದಿದ್ದ, ತೀರಾ ದಪ್ಪಗಿರುವ ಕುದುರೆಗಳಲ್ಲಿ ಸ್ಟೀರಾಯ್ಡ್ ಅಪಾಯ ತರಬಹುದು. ಇದನ್ನು ಮರೆಯದೆ ವೈದ್ಯರಿಗೆ ಹೇಳಿ. ರೇಸಿಗೋ ಸ್ಪರ್ಧೆಗೋ ಇಳಿಯುವ ಕುದುರೆಯಾದರೆ ಔಷಧ ಮೈಯಿಂದ ಹೋಗುವವರೆಗಿನ ಕಾಯುವ ಅವಧಿಯನ್ನು ಟರ್ಫ್ ಕ್ಲಬ್ಬಿನ ನಿಯಮದ ಪ್ರಕಾರ ಲೆಕ್ಕ ಹಾಕಿಸಿ.

ಅರಿವಳಿಕೆ ಬೇಕಾಗುವ ಹಂತ

ಬೆನ್ನುಹುರಿ ಎಲ್ಲಿ ಒತ್ತಿದೆ ಎಂಬ ಪ್ರಶ್ನೆ ಬಂದಾಗ ಹಳೆಯ ನೆಚ್ಚಿನ ವಿಧಾನ ಮೈಲೋಗ್ರಾಂ. ಕುದುರೆಯನ್ನು ಪೂರ್ಣ ಅರಿವಳಿಕೆಯಲ್ಲಿ ಮಲಗಿಸಿ, ತಲೆಬುರುಡೆ ಮತ್ತು ಮೊದಲ ಮಣಿಯ ನಡುವೆ ಸೂಜಿ ಇಳಿಸಿ, ಬೆನ್ನುಹುರಿಯ ಸುತ್ತಲಿನ ದ್ರವ ಸ್ವಲ್ಪ ತೆಗೆದು, ಅಯೋಹೆಕ್ಸಾಲ್ ಎಂಬ ಬಣ್ಣದ ದ್ರಾವಣ ಹಾಕುತ್ತಾರೆ. ತಲೆ ಎತ್ತರಿಸಿ ಅದು ಕತ್ತಿನ ಬುಡದವರೆಗೆ ಹರಿಯಲು ಬಿಟ್ಟು, ಕತ್ತು ನೇರ ಇಟ್ಟು, ಬಗ್ಗಿಸಿ, ಹಿಂದಕ್ಕೆ ಚಾಚಿ ಎಕ್ಸ್-ರೇ ತೆಗೆಯುತ್ತಾರೆ. ಮಣಿಗಳ ನಡುವೆ ಬಣ್ಣದ ಗೆರೆ ಎಲ್ಲಿ ಅರ್ಧಕ್ಕಿಂತ ಹೆಚ್ಚು ತೆಳುವಾಯಿತೋ ಅಲ್ಲಿ ಅನುಮಾನ. ಕತ್ತು ಬಗ್ಗಿಸಿದಾಗ ನಡುಭಾಗದಲ್ಲಿ ಆರೋಗ್ಯವಂತ ಕುದುರೆಗೂ ಗೆರೆ ತೆಳುವಾಗುವುದುಂಟು. ಹಾಗಾಗಿ ಓದುವವರ ಅನುಭವವೇ ಇಲ್ಲಿ ಬಂಡವಾಳ. ತೆಗೆದ ದ್ರವವನ್ನು ಚೆಲ್ಲದೆ ಪ್ರಯೋಗಾಲಯಕ್ಕೆ ಕಳಿಸಿದರೆ ಸೋಂಕಿನ ಸುಳಿವೂ ಸಿಗಬಹುದು.

ಬಗ್ಗಿಸಿ ತೆಗೆಯುವುದಕ್ಕೆ ಕಾರಣವಿದೆ. ಒಂದೆರಡು ವರ್ಷದ, ವೇಗವಾಗಿ ಬೆಳೆದ ಮರಿಗಳಲ್ಲಿ ಮೂರರಿಂದ ಐದನೇ ಮಣಿಗಳ ನಡುವಿನ ಒತ್ತಡ ಕತ್ತು ಬಗ್ಗಿದಾಗ ಮಾತ್ರ ಬರುತ್ತದೆ. ವಯಸ್ಸಾದವುಗಳಲ್ಲಿ ಐದರಿಂದ ಏಳರ ನಡುವೆ, ಊದಿದ ಕೀಲೇ ಹುರಿಯನ್ನು ಒತ್ತುವುದರಿಂದ, ಯಾವ ಭಂಗಿಯಲ್ಲೂ ಒತ್ತಡ ಹೋಗುವುದಿಲ್ಲ.

ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಕತ್ತಿನ ರೋಗನಿರ್ಣಯದ ರೀತಿಯೇ ಬದಲಾಗಿದೆ. ಎಡ-ಬಲ ಕೀಲುಗಳು ಬೇರೆಬೇರೆಯಾಗಿ, ನರದ ಕಿಂಡಿ ಎಷ್ಟು ಕಿರಿದಾಗಿದೆ, ಕೀಲಿನೊಳಗೆ ಮೂಳೆಯ ಚೂರು ಬಿದ್ದಿದೆಯೇ ಎಂಬುದು ಹಾಳೆಹಾಳೆಯಾಗಿ ಕಾಣುತ್ತದೆ. ಬಣ್ಣದ ದ್ರಾವಣದ ಜೊತೆ ಮಾಡಿದರೆ ಪಕ್ಕದಿಂದ ಬಿದ್ದ ಒತ್ತಡವೂ ಸಿಗುತ್ತದೆ. ಮಾಮೂಲಿ ಮೈಲೋಗ್ರಾಂ ತೋರಿಸುವುದು ಮೇಲೆ-ಕೆಳಗಿನ ಒತ್ತಡವನ್ನು ಮಾತ್ರ. ಮನುಷ್ಯರಿಗಾಗಿ ಮಾಡಿದ ಯಂತ್ರದ ಬಾಯಿಯಲ್ಲಿ ಕುದುರೆಯ ಕತ್ತಿನ ಬುಡ ತೂರುವುದೇ ಕಷ್ಟ, ಅಗಲ ಬಾಯಿಯ ಯಂತ್ರವೂ ಐನೂರು ಕಿಲೋ ಹೊರುವ ಮೇಜೂ ಬೇಕು. ಎಂ.ಆರ್.ಐ. ಬೆನ್ನುಹುರಿಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಬಲ್ಲದು, ಅದರ ಸುರಂಗ ಇನ್ನೂ ಕಿರಿದು. ದೊಡ್ಡ ಕುದುರೆಯ ಕತ್ತಿನ ಮೇಲ್ಭಾಗ ಮಾತ್ರ ತಲುಪುತ್ತದೆ. ಮೂಳೆ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ರಕ್ತಕ್ಕೆ ಬಿಟ್ಟು ಮೂಳೆ ಎಲ್ಲಿ ಕೆರಳಿದೆ ಎಂದು ನೋಡುತ್ತಾರೆ. ಮೈಯಲ್ಲಿ ಎಲ್ಲಿ ನೋವೆಂದೇ ಗೊತ್ತಾಗದ ಕುದುರೆಗೆ ಅದು ಉಪಯೋಗ, ಕತ್ತಿನ ಬುಡಕ್ಕೆ ಅಷ್ಟೇನೂ ಅಲ್ಲ.

ಅರಿವಳಿಕೆಯ ಅಪಾಯವನ್ನು ಯಾರೂ ಹಗುರವಾಗಿ ಹೇಳಬಾರದು. 40 ಸಾವಿರಕ್ಕೂ ಹೆಚ್ಚು ಕುದುರೆ ಅರಿವಳಿಕೆಗಳನ್ನು ಗಮನಿಸಿ 2002ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನದಲ್ಲಿ, ಹೊಟ್ಟೆಶೂಲೆಯ ಪ್ರಕರಣ ಬಿಟ್ಟರೂ ಸಾವಿನ ಪ್ರಮಾಣ ಶೇ. 0.9ರಷ್ಟಿತ್ತು. ಈಗಾಗಲೇ ತೂರಾಡುವ ಕುದುರೆ ಅರಿವಳಿಕೆಯಿಂದ ಎದ್ದು ನಿಲ್ಲುವಾಗ ಬಿದ್ದು ಮೂಳೆ ಮುರಿದುಕೊಳ್ಳುವ ಭಯ ಇನ್ನೂ ಹೆಚ್ಚು. ಮೈಲೋಗ್ರಾಂ ನಂತರ ಕೆಲವು ಕುದುರೆಗಳಿಗೆ ಜ್ವರ ಬರುತ್ತದೆ, ಕೆಲವಕ್ಕೆ ತೂರಾಟ ಕೆಲವು ದಿನ ಹೆಚ್ಚುತ್ತದೆ, ಅಪರೂಪಕ್ಕೆ ಸೆಳವು. ಆದ್ದರಿಂದ ಈ ಹಂತಕ್ಕೆ ಹೋಗುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಿ: ‘ಚಿತ್ರ ಹೀಗೆ ಬಂದರೆ ನಾವು ಏನು ಮಾಡುತ್ತೇವೆ, ಹಾಗೆ ಬಂದರೆ ಏನು ಮಾಡುತ್ತೇವೆ?’ ಎರಡಕ್ಕೂ ಉತ್ತರ ಒಂದೇ, ಅಂದರೆ ವಿಶ್ರಾಂತಿ ಅಥವಾ ನಿವೃತ್ತಿ ಎಂದಾದರೆ, ಕುದುರೆಯನ್ನು ಮೇಜಿನ ಮೇಲೆ ಮಲಗಿಸಬೇಕಾದ ಅಗತ್ಯವೇ ಇಲ್ಲ.

ಶಸ್ತ್ರಚಿಕಿತ್ಸೆ ಸಾಧ್ಯವಿರುವ ಕಡೆ ಲೆಕ್ಕ ಬೇರೆ. ಅಮೆರಿಕದ ಸಿಯಾಟಲ್ ಸ್ಲೂ, 1977ರಲ್ಲಿ ಒಂದೂ ಸೋಲಿಲ್ಲದೆ ಟ್ರಿಪಲ್ ಕ್ರೌನ್ ಗೆದ್ದ ಕುದುರೆ, ಮುಪ್ಪಿನಲ್ಲಿ ಕತ್ತಿನ ಸಂಧಿವಾತದಿಂದ ತೂರಾಡತೊಡಗಿತು. 2000ದಲ್ಲಿ, ಅದಕ್ಕೆ 26 ವರ್ಷವಾಗಿದ್ದಾಗ, ಕತ್ತಿನ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಮಾಡಿದರು, 2002ರಲ್ಲಿ ಇನ್ನೊಮ್ಮೆ. ಎರಡು ಮಣಿಗಳ ಮೂಳೆ ಒಂದಾಗುವಂತೆ ಮಾಡುವ ಈ ಕ್ರಮ ಕುದುರೆಗಳಲ್ಲಿ ಮೊದಲು ವರದಿಯಾದದ್ದು 1979ರಲ್ಲಿ. ಮೂಲ ಮನುಷ್ಯರ ಕತ್ತಿನ ಶಸ್ತ್ರಚಿಕಿತ್ಸೆಯದು. ಯಾವ ಎರಡು ಮಣಿ ಬೆಸೆಯಬೇಕು ಎಂದು ಖಚಿತವಾಗದೆ ಚಾಕು ಇಡುವಂತಿಲ್ಲ. ಅರಿವಳಿಕೆಯ ಅಪಾಯ ಹೊತ್ತು ಮೈಲೋಗ್ರಾಂ ಮಾಡುವುದು ಇಂಥ ತೀರ್ಮಾನಕ್ಕೇ. ಬೆಸೆದ ಮೇಲೂ ತೂರಾಟ ಪೂರ್ತಿ ಹೋಗುತ್ತದೆಂಬ ಭರವಸೆ ಇಲ್ಲ, ಒಂದೆರಡು ದರ್ಜೆ ಇಳಿದರೆ ಯಶಸ್ಸು. ತೂರಾಡುವ ಕುದುರೆಯ ಬೆನ್ನೇರುವುದು ಸವಾರರ ಜೀವದ ಪ್ರಶ್ನೆ. ಚಿತ್ರದ ಫಲಿತಾಂಶ ಬರುವವರೆಗೂ, ಮಕ್ಕಳನ್ನಂತೂ, ಅದರ ಮೇಲೆ ಕೂರಿಸಬೇಡಿ.

ಕೊನೆಗೆ ಕಾಗದಪತ್ರದ ಮಾತು. ಆಸ್ಪತ್ರೆಯವರು ಪರದೆಯ ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಅದರ ಮೇಲೆ ಇನ್ನೊಬ್ಬ ತಜ್ಞರು ಏನನ್ನೂ ಅಳೆಯಲಾರರು. ಡೈಕಾಂ ಮಾದರಿಯ ಮೂಲ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ಪ್ರತಿ ಚಿತ್ರದಲ್ಲಿ ಕುದುರೆಯ ಹೆಸರು, ದಿನಾಂಕ, ಎಡವೋ ಬಲವೋ ಎಂಬ ಗುರುತು ಇದೆಯೇ ನೋಡಿ. ಓರೆ ಚಿತ್ರದಲ್ಲಿ ಬದಿಯ ಗುರುತಿಲ್ಲದಿದ್ದರೆ ಸರಿಯಿರುವ ಕೀಲಿಗೆ ಸೂಜಿ ಬಿದ್ದೀತು. ಕುದುರೆ ಕೈ ಬದಲಾದಾಗ ಈ ಫೈಲುಗಳನ್ನು ಹೊಸ ಮಾಲೀಕರಿಗೆ ಕೊಡಿ. ರೇಸಿನಿಂದ ಬಂದ ಕುದುರೆಯನ್ನು ಕೊಳ್ಳುವವರಾದರೆ, ಇದ್ದರೆ ಕೊಡಿ ಎಂದು ಹಳೆಯ ಟ್ರೈನರ್ ಹತ್ತಿರ ಕೇಳಿ. ನಾಲ್ಕು ವರ್ಷ ಹಿಂದಿನ ಚಿತ್ರದಲ್ಲೂ ಕೀಲು ಇಷ್ಟೇ ದಪ್ಪವಿತ್ತು ಎಂದು ತಿಳಿದರೆ, ಈಗಿನ ಕುಂಟಿಗೆ ಕಾರಣ ಬೇರೆಡೆ ಹುಡುಕಬಹುದು.